ಎರಡನೇ ಸದ್ದು

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಅರಸೀಕೆರೆಯಲ್ಲಿ ರೈಲು ಹಳಿಗೆ ಬೆನ್ನು ಹಾಕಿಕೊಂಡ ಬಾಡಿಗೆ ಮನೆಯಲ್ಲಿ ಬೆಳೆದವಳು. ಗೂಡ್ಸ್ ಗಾಡಿ ಹಾದುಹೋದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು, ಆದರೂ ನನ್ನ ನಿದ್ದೆ ಕೆಡುತ್ತಿರಲಿಲ್ಲ. ಬರುತ್ತೇನೆ ಎಂದು ಹೇಳಿ ಬರುವ ಸದ್ದಿಗೆ ನಾನು ಹೆದರುವುದಿಲ್ಲ. ಹೇಳದೆ ಕೇಳದೆ ಸಿಡಿಯುವ ಸದ್ದಿದೆಯಲ್ಲ, ಅದಕ್ಕೆ ಜೀವ ಬಾಯಿಗೆ ಬರುತ್ತದೆ. ದೀಪಾವಳಿಯಲ್ಲಿ ಓರಗೆಯ ಮಕ್ಕಳೆಲ್ಲ ಬೀದಿಯಲ್ಲಿದ್ದರೆ ನಾನು ಅಕ್ಕಿ ಡಬ್ಬದ ಹಿಂದೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಅಂಥವಳನ್ನು ಹುಡುಕಿ ಹುಡುಕಿ ಟೈರ್ ಅಂಗಡಿಯವರಿಗೆ ಕೊಟ್ಟರು. ಹಣೆಬರಹ ಅನ್ನುವುದು ಇದಕ್ಕೇ ಇರಬೇಕು.

ನಮ್ಮ ಅಂಗಡಿ ಇರುವುದು ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದೇ ಬಾಗಿಲು. ಮನೆಯಲ್ಲಿ ನಾವು ಮೂವರು: ನಾನು, ನಮ್ಮನೆಯವರು, ಅವರ ತಾಯಿ. ಟೈರಿನ ಒಳ ಅಂಚಿನಲ್ಲಿ ತಂತಿ ಸೇರಿಸಿ ಮಾಡಿದ ಗಟ್ಟಿ ಬಳೆಯಂಥ ಭಾಗವಿರುತ್ತದೆ; ರಿಮ್ಮನ್ನು ತಬ್ಬಿ ಹಿಡಿಯುವುದು ಅದೇ. ಕಸುಬಿನವರು ಅದನ್ನು ಬೀಡು ಅನ್ನುತ್ತಾರೆ. "ಹಳೇಬೀಡಲ್ಲಿ ಹಳೇ ಬೀಡು ಬಿಚ್ಚೋರು ನೀವೊಬ್ರೆ ಕಣ್ರೀ" ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಈ ಮಾತನ್ನು ನಾನು ಸಾವಿರ ಸಲ ಕೇಳಿ ಹಲ್ಲು ಕಡಿದುಕೊಂಡಿದ್ದೇನೆ. ನಮ್ಮನೆಯವರು ಮಾತ್ರ ಪ್ರತಿ ಸಲವೂ ಅದೇ ಮೊದಲು ಕೇಳಿದವರಂತೆ ನಗುತ್ತಾರೆ.

ಮೊದಲು ಎಲ್ಲವೂ ಸುತ್ತಿಗೆ, ಸಲಾಕೆಗಳ ಕೆಲಸವೇ ಆಗಿತ್ತು. ಆಮೇಲೆ ಯಂತ್ರ ಬಂತು. ತಿರುಗುವ ಕಬ್ಬಿಣದ ತಟ್ಟೆ, ಅದರ ಮೇಲೆ ಬಗ್ಗಿದ ಕೊಕ್ಕು, ಕೆಳಗೆ ಕಾಲಲ್ಲಿ ತುಳಿಯುವ ಪೆಡಲುಗಳು, ಪಕ್ಕದ ಕಂಬದಲ್ಲಿ ಗುಂಡಗಿನ ಗಾಜಿನ ಮೀಟರು. ಅದನ್ನು ಕೂರಿಸಲು ಹಾಸನದಿಂದ ಬಂದಿದ್ದವನು ಟೀ ಕುಡಿಯುತ್ತಾ, ಮದುವೆಯೂಟದ ಸುದ್ದಿ ಹೇಳುವಂತೆ, ಎಲ್ಲವನ್ನೂ ಹೇಳಿದ.

"ನೋಡಿ, ಗಾಳಿ ತುಂಬ್ತಾ ಹೋದಂಗೆ ಎರಡು ಸದ್ದು ಬರ್ತವೆ. ಒಂದು ಒಳಗಡೆ ಬೀಡು ಕೂತ್ಕೊಂಡಿದ್ದು, ಇನ್ನೊಂದು ಹೊರಗಡೇದು. ಎರಡೂ ಬರೋವರ್ಗೆ ಮುಳ್ಳು ಈ ಕೆಂಪು ಗೆರೆ ದಾಟ್ಬಾರದು. ಬರ್ಲಿಲ್ವಾ, ಗಾಳಿ ಬಿಟ್ಬಿಡಿ. ಸೋಪು ಹಚ್ಚಿ ಮತ್ತೆ ಮೊದ್ಲಿಂದ ಶುರು ಮಾಡಿ. ಕೈ ದೂರ ಇರ್ಲಿ. ಟೈರ್ ಮೇಲಂತೂ ಬಗ್ಲೇಬೇಡಿ. ಸಿಡಿದ್ರೆ ಮೇಲಕ್ಕೇ ಸಿಡಿಯೋದು."

ಇಷ್ಟು ಹೇಳಿ ಅವನು ಲೋಟ ಕೆಳಗಿಟ್ಟು ಹೊರಟುಹೋದ. ಅವನ ಮುಖ ನನಗೆ ಮರೆತಿದೆ. 'ಮೇಲಕ್ಕೇ' ಅಂದ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಹೆದರಿಕೆ ಇದ್ದರೂ ನಾನು ಕೆಲಸ ಕಲಿತೆ. ಒಬ್ಬರ ಕೈಯಲ್ಲಿ ಅಂಗಡಿ ಸಾಗುತ್ತಿರಲಿಲ್ಲ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೊಣಕೈಯತ್ತ ಏರಿಸಿ ಯಂತ್ರದ ಮುಂದೆ ನಿಲ್ಲುತ್ತೇನೆ. ತಟ್ಟೆ ತಿರುಗುತ್ತಿರುವಾಗ ಬೆರಳನ್ನು ರಿಮ್ಮಿನ ಅಂಚಿಗೆ ತರುವುದಿಲ್ಲ, ಗಿರಾಕಿಯ ಜೊತೆ ಮಾತಾಡುವುದಿಲ್ಲ, ಫೋನ್ ಬಡಿದುಕೊಂಡರೂ ಎತ್ತುವುದಿಲ್ಲ. ಸೋಪಿನ ನೀರು ಕಲಸುವುದು, ಟೈರ್ ಬಿಚ್ಚುವುದು, ಹೊಸದನ್ನು ರಿಮ್ಮಿಗೆ ಏರಿಸುವುದು ನನ್ನ ಪಾಲು. ಗಾಳಿ ತುಂಬುವುದು ಅವರ ಪಾಲು. ಗಾಳಿಯ ಪೆಡಲಿಗೆ ಅವರು ಕಾಲಿಟ್ಟರೆ ನಾನು ಏನಾದರೊಂದು ನೆಪ ಮಾಡಿಕೊಂಡು ಬಾಗಿಲ ಬಳಿ ಹೋಗಿಬಿಡುತ್ತಿದ್ದೆ. ಅಲ್ಲಿ ನಿಂತು ಕಾಯುತ್ತಿದ್ದೆ. ಠಪ್ ಎಂದು ಒಂದು. ಉಸಿರು ಬಿಗಿಹಿಡಿಯುವುದು. ಠಪ್ ಎಂದು ಇನ್ನೊಂದು. ಆಮೇಲೆ ಉಸಿರು ಬಿಡುವುದು. ಸಂಸಾರದಲ್ಲಿ ನನ್ನ ಉಸಿರಾಟದ ಲೆಕ್ಕವೇ ಹಾಗಾಗಿ ಹೋಗಿತ್ತು.

ಇನ್ನು ಮೀಟರಿನ ವಿಷಯ. ಆಯುಧಪೂಜೆಯ ದಿನ ಯಂತ್ರಕ್ಕೆ ಮೀಸಲು ನೀರು ಚಿಮುಕಿಸಿ, ಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅತ್ತೆ ಗಂಡನನ್ನು ಕಳೆದುಕೊಂಡವರು, ಕುಂಕುಮ ಮುಟ್ಟುವುದಿಲ್ಲ. ಹಾಗಾಗಿ ಅವರು ಬಾಗಿಲಲ್ಲಿ ನಿಂತು ಹೇಳುವುದು, ನಾನು ಇಡುವುದು. "ಪಾದಕ್ಕೆ ಮಡಗು" ಅಂದರೆ ಪೆಡಲಿಗೆ. "ಹೊಟ್ಟೆಗೆ ಮಡಗು" ಅಂದರೆ ತಟ್ಟೆಗೆ. "ಹಣೆಗೆ ಮಡಗು, ದೊಡ್ಡದಾಗಿ ಮಡಗು" ಅಂದರೆ ಆ ಗುಂಡಗಿನ ಗಾಜಿಗೆ. ಅವರ ಕಣ್ಣಿಗೆ ಅದೇ ಯಂತ್ರದ ಮುಖ. ಎಣ್ಣೆಯಲ್ಲಿ ಕಲಸಿದ ಕುಂಕುಮ ಗಾಜಿಗೆ ಅಂಟಿ ಒಣಗಿ ಗಟ್ಟಿಯಾಗುತ್ತಿತ್ತು. ಮುಂದಿನ ವರ್ಷ ಅದರ ಮೇಲೆಯೇ ಇನ್ನೊಂದು ಬೊಟ್ಟು. ಮುಳ್ಳು ಮೊದಮೊದಲು ಅರ್ಧ ಕಾಣುತ್ತಿತ್ತು, ಆಮೇಲೆ ತುದಿ ಮಾತ್ರ, ಕೊನೆಗೆ ಅದೂ ಇಲ್ಲ. ಕೆಂಪು ಗೆರೆಯ ಮೇಲೆ ಕೆಂಪು ಕುಂಕುಮ ಕೂತಿತ್ತು.

ಒಂದು ದಿನ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದೆ. ಅತ್ತೆ ಹಿಂದೆಯೇ ನಿಂತಿದ್ದರು.

"ಮುತ್ತೈದೆ ಕೈಲಿ ಕುಂಕುಮ ಒರ್ಸಾದುಂಟೇನೇ? ಯಾರ್ ತಾಳಿ ಮ್ಯಾಲೆ ಕಣ್ಣಾಕಿದ್ದೀಯ?"

ನಾನು ಡಿಗ್ರಿ ಓದಿದವಳು, ಇದನ್ನೆಲ್ಲ ನಂಬಬಾರದು. ಆದರೆ ಭಯಕ್ಕೆ ಓದು ಬರಹ ಗೊತ್ತಾಗುವುದಿಲ್ಲ. ಬಟ್ಟೆ ಹಿಡಿದ ಕೈ ತಾನಾಗಿ ಹಿಂದಕ್ಕೆ ಬಂತು. ನಮ್ಮನೆಯವರಿಗೆ ಹೇಳಿದರೆ, "ಅದ್ಯಾಕೆ ಬೇಕು ಮೀಟ್ರು? ನನ್ ಕಿವಿನೇ ಮೀಟ್ರು ಕಣೇ" ಎಂದು ನಕ್ಕರು. ಅಂದಿಗೆ ಅದು ನಿಜವೂ ಆಗಿತ್ತು. ಎದುರಿನ ರಸ್ತೆಯಲ್ಲಿ ಹೋಗುವ ಲಾರಿಯ ಯಾವ ಚಕ್ರದಲ್ಲಿ ಗಾಳಿ ಕಡಿಮೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು.

ಆ ಕಿವಿ ಮಂದವಾಗುತ್ತಿದೆ ಎಂದು ನನಗೆ ತಿಳಿದದ್ದು ಕುಕ್ಕರಿನಿಂದ. ಮೂರು ಸೀಟಿ ಆದರೆ ಒಲೆ ಆರಿಸಿ ಎಂದು ಹೇಳಿ ಹಾಲಿನ ಡೇರಿಗೆ ಹೋಗಿದ್ದೆ. ಬರುವ ಹೊತ್ತಿಗೆ ಬೀದಿಗೆಲ್ಲ ಬೇಳೆ ಸೀದ ವಾಸನೆ. ಇವರು ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಫೋನ್ ನೋಡುತ್ತಿದ್ದರು. "ಸೀಟಿ ಎಲ್ಲಿ ಬಂತು?" ಎಂದು ನನ್ನನ್ನೇ ಕೇಳಿದರು. ನಾನು ಬೈಯಲು ಬಾಯಿ ತೆರೆದವಳು ಹೋಗಿ ಒಲೆ ಆರಿಸಿದೆ. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜವಾಗಿಯೂ ಬಂದಿರಲಿಲ್ಲ, ಅವರ ಪಾಲಿಗೆ.

ಆಮೇಲೆ ಒಂದೊಂದೇ ಕಾಣಿಸತೊಡಗಿತು. ಗಿರಾಕಿ ಒಂದು ಕೇಳಿದರೆ ಇವರು ಇನ್ನೊಂದು ಹೇಳುವುದು, ತಿಳಿಯದ ಮಾತಿಗೆಲ್ಲ "ಹೂಂ" ಅನ್ನುವುದು. ಕಿವಿ ತೋರಿಸೋಣ, ಹಾಸನಕ್ಕೆ ಹೋಗಿಬರೋಣ ಎಂದೆ. "ನನ್ ಕಿವಿಗೆ ಏನಾಗೈತೆ? ನಿನ್ ದನಿನೇ ಸಣ್ಣ ಆಗೈತೆ" ಎಂದರು. ನಾನು ಕೂಗಿದರೆ ಕೆರೆ ಏರಿಯ ಮೇಲೆ ಹೋಗುವವರು ತಿರುಗಿ ನೋಡುತ್ತಾರೆ, ಅಂಥ ದನಿ ನನ್ನದು! ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಕಿವಿ ಕೇಳದವನ ಹತ್ತಿರ ಯಾರು ಟೈರ್ ತರುತ್ತಾರೆ ಎಂಬ ಹೆದರಿಕೆ ಅವರದು. ಅದು ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಹೆಚ್ಚು ಮಾತಾಡಲಿಲ್ಲ.

ಆದರೆ ಒಂದು ವಿಷಯ ನೋಡಿದ ಮೇಲೆ ನನಗೆ ಊಟ ಸೇರದಂತಾಯಿತು. ಗಾಳಿ ತುಂಬುವಾಗ ಇವರು ಬಗ್ಗತೊಡಗಿದ್ದರು. ಮೊದಲೆಲ್ಲ ಒಂದು ಕಾಲು ಪೆಡಲಿನ ಮೇಲಿಟ್ಟು, ಮೈಯನ್ನು ಹಿಂದಕ್ಕೆ ವಾಲಿಸಿ ರಸ್ತೆ ನೋಡುತ್ತ ನಿಲ್ಲುತ್ತಿದ್ದವರು, ಈಗ ತಲೆ ಓರೆ ಮಾಡಿ ಕಿವಿಯನ್ನು ಟೈರಿನ ಹತ್ತಿರ ಹತ್ತಿರ ತರುತ್ತಿದ್ದರು. ಕಿವಿ ಮಂದವಾದಷ್ಟೂ ತಲೆ ಕೆಳಗಿಳಿಯುತ್ತಿತ್ತು. ತೊಟ್ಟಿಲಲ್ಲಿ ಮಗು ಉಸಿರಾಡುತ್ತಿದೆಯೇ ಎಂದು ನೋಡುವವರ ಹಾಗೆ ಬಗ್ಗುತ್ತಿದ್ದರು. ಸಿಡಿದರೆ ಮೇಲಕ್ಕೇ. ನಾನು ಬಾಗಿಲಲ್ಲಿ ನಿಂತು ಅವರ ಕಿವಿ, ಕೆನ್ನೆ, ನರೆತ ಮೀಸೆಯ ತುದಿ ನೋಡುತ್ತಿದ್ದೆ. ಮೀಟರನ್ನೂ ನೋಡುತ್ತಿದ್ದೆ. ಅಲ್ಲಿ ನಾನೇ ಇಟ್ಟ ಕುಂಕುಮವಿತ್ತು. ಒರೆಸಿದರೆ ಒಂದು ಭಯ, ಬಿಟ್ಟರೆ ಒಂದು ಭಯ. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ. ಅದರ ನಡುವೆ ನಿಂತು ಸೋಪು ಕಲಸುವುದು ಹೇಗೆಂದು ಅಲ್ಲಿ ಹೇಳಿಕೊಟ್ಟಿರಲಿಲ್ಲ.

ಆ ವರ್ಷದ ಆಯುಧಪೂಜೆ ಕಳೆದು ಇನ್ನೂ ಬಾಳೆಕಂದು ಕಂಬದಲ್ಲೇ ಒಣಗುತ್ತಿದ್ದ ದಿನಗಳು. ಮಧ್ಯಾಹ್ನ, ಅರಸೀಕೆರೆ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಬೇಲೂರಿಗೆ ಹೊರಟಿದ್ದ ಒಂದು ಪಿಕಪ್ ಗಾಡಿ ಕುಂಟುತ್ತ ಬಂದು ನಿಂತಿತು. ಹಿಂದಿನ ಟೈರ್ ಹರಿದಿತ್ತು. ಡ್ರೈವರ್ ಹೊಸ ಟೈರನ್ನು ಕಾಯಿಯ ಮೇಲೆಯೇ ಹಾಕಿಕೊಂಡು ಬಂದಿದ್ದ. ನಾನು ಹಳೆಯದನ್ನು ಬಿಚ್ಚಿದೆ. ರಿಮ್ಮಿನ ಅಂಚೆಲ್ಲ ತುಕ್ಕು, ಕೈಗೆ ಚಕ್ಕೆ ಚಕ್ಕೆ ಬರುತ್ತಿತ್ತು.

"ತುಕ್ಕು ಇದೆ ರೀ, ಚೆನ್ನಾಗಿ ಉಜ್ಜಬೇಕು. ಇಲ್ಲಾಂದ್ರೆ ಕೂರಲ್ಲ" ಎಂದೆ.

"ಹೂಂ" ಎಂದರು.

ಅದು ಯಾವ 'ಹೂಂ' ಎಂದು ನಾನು ಅರಿಯಬೇಕಿತ್ತು. ಕಂಪ್ರೆಸರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸೋಪಿನ ನೀರು ಮುಗಿದಿತ್ತು, ಕಲಸಿಕೊಂಡು ಬರಲು ಮನೆಯೊಳಗೆ ಹೋದೆ. ಉಜ್ಜಲಿಕ್ಕೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಬಂದರಾಯಿತು ಎಂದುಕೊಂಡಿದ್ದೆ. ಬಕೆಟ್ ಹಿಡಿದು ಬಾಗಿಲಿಗೆ ಬರುವುದಕ್ಕೂ ಮೊದಲನೇ ಸದ್ದು ಬರುವುದಕ್ಕೂ ಸರಿಹೋಯಿತು. ಠಪ್. ಇವರು ಉಜ್ಜಿರಲೇ ಇಲ್ಲ, ಬ್ರಷ್ಷಿಗೆ ಅಂಟಿ ಉಳಿದಿದ್ದ ಸೋಪಿನಲ್ಲೇ ಟೈರ್ ಏರಿಸಿ ಗಾಳಿ ತುಂಬತೊಡಗಿದ್ದರು.

ನಾನು ಉಸಿರು ಬಿಗಿಹಿಡಿದೆ. ಆಗ ಹೊರಗೆ ಡ್ರೈವರ್, ಗಾಡಿಯಿಂದ ನೀರಿನ ಬಾಟಲಿ ತೆಗೆದುಕೊಂಡು, ಬಾಗಿಲನ್ನು ಧಬ್ಬೆಂದು ಹಾಕಿದ. ಇವರು ತಲೆಯಾಡಿಸಿದರು. ಒಳಗಿನದು ಕೂತಿತು, ಹೊರಗಿನದು ಕೂತಿತು ಎಂದು ಅವರೊಳಗೇ ಲೆಕ್ಕ ಮುಗಿದುಹೋಯಿತು. ಹೊರೆ ಹೊರುವ ಗಾಡಿಗೆ ಕಾರಿಗಿಂತ ಹೆಚ್ಚು ಗಾಳಿ ಬೇಕು. ಎರಡೂ ಬೀಡು ಕೂತ ಮೇಲೆ ಹಾಗೆಯೇ ತುಂಬುತ್ತ ಹೋಗುವುದು ಅವರ ರೂಢಿ. ಪೆಡಲಿನ ಮೇಲಿದ್ದ ಕಾಲು ಏಳಲಿಲ್ಲ. ಬಗ್ಗಿದ ತಲೆಯೂ ಏಳಲಿಲ್ಲ.

"ರೀ! ಒಂದೇ ಬಂದಿದ್ದು! ಬಿಡಿ ರೀ, ಕಾಲು ತೆಗೀರಿ!"

ಕೇಳಿಸಲಿಲ್ಲ. ಮತ್ತೆ ಕೂಗಿದೆ. ಡ್ರೈವರ್ ನನ್ನ ಕಡೆ ತಿರುಗಿದ, ಕೆರೆ ಏರಿಯವರೂ ತಿರುಗಿರಬೇಕು, ಇವರು ಮಾತ್ರ ತಿರುಗಲಿಲ್ಲ. ಟೈರಿನ ಮೇಲು ಅಂಚು ಒಂದು ಕಡೆ ಒಳಕ್ಕೆ ಸಿಕ್ಕಿಕೊಂಡು, ಉಳಿದ ಕಡೆಯೆಲ್ಲ ಬಿಗಿಯುತ್ತಿರುವುದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಅದರ ಮೇಲೆ ಒಂದು ಗೇಣಿನಷ್ಟೂ ದೂರವಿಲ್ಲದಂತೆ ಅವರ ಕಿವಿ. ಓಡಿಹೋಗಿ ಎಳೆಯಬಹುದಿತ್ತಲ್ಲ ಎಂದು ಆಮೇಲೆ ಕೇಳಿದವರಿದ್ದಾರೆ. ಕಾಲು ಬರಲಿಲ್ಲ, ಅಷ್ಟೇ. ಅಕ್ಕಿ ಡಬ್ಬದ ಹಿಂದೆ ಕೂತ ಹುಡುಗಿಯ ಕಾಲು ಅವು. ಕೈಗೆ ಮಾತ್ರ ಜೀವವಿತ್ತು. ಬಕೆಟ್ ಬಿಟ್ಟೆ, ಬಗ್ಗಿ ಕಾಲಿನ ಹವಾಯಿ ಚಪ್ಪಲಿ ಕಿತ್ತೆ, ಎಸೆದೆ.

ಅದು ಹೋಗಿ ಅವರ ಬೆನ್ನಿನ ಮೇಲೆ, ಪಟಾರೆಂದು ಬಿತ್ತು.

ಇದರ ಬಗ್ಗೆ ಹಳೇಬೀಡಿನಿಂದ ಅರಸೀಕೆರೆಯವರೆಗೆ ಏನೇನು ಕಥೆ ಹಬ್ಬಿತೆಂದು ಗೊತ್ತು. ನಡುಬೀದಿಯಲ್ಲಿ ಗಂಡನಿಗೆ ಚಪ್ಪಲಿಯಲ್ಲಿ ಹೊಡೆದವಳು ಎಂದು ನನ್ನನ್ನು ತೋರಿಸುತ್ತಾರೆ. ತೋರಿಸಲಿ. ಕಿವಿಗೆ ಕೇಳದವರಿಗೆ ಬೆನ್ನಿಗೆ ಕೇಳಿತು. ಇವರು ಕಾಲು ಕಿತ್ತು ಹಿಂದಕ್ಕೆ ಜಿಗಿದು, ಕೆಂಡದಂಥ ಕಣ್ಣು ಬಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಏನೇ, ತಲೆಗಿಲೆ ಕೆಟ್ಟೈತಾ ನಿಂಗೆ?"

ಈಗ ನನ್ನ ಕಾಲು ಬಂತು. ಯಂತ್ರದ ಕಂಬದ ಬಳಿ ಓಡಿ, ಸೊಂಟದ ಸೆರಗು ಕಿತ್ತು ಮೀಟರಿನ ಗಾಜನ್ನು ಉಜ್ಜಿದೆ. ಮೇಲಿನ ಹಸಿ ಕುಂಕುಮ ಬಂತು, ಒಳಗಿನ ಹಳೆಯದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಉಗುರಿನಲ್ಲಿ ಕೆರೆದೆ. ಅರ್ಧ ಗಾಜು ತೆರವಾಯಿತು. ಮುಳ್ಳು ಕೆಂಪು ಗೆರೆಯನ್ನು ದಾಟಿ ಆಚೆಗೆ, ಬಹಳ ಆಚೆಗೆ ಹೋಗಿ ನಿಂತಿತ್ತು. ಇವರು ಅದನ್ನು ನೋಡಿದರು. ನನ್ನನ್ನು ಪಕ್ಕಕ್ಕೆ ತಳ್ಳಿ, ತೋಳು ಚಾಚಿ ಮೀಟರಿನ ಕೆಳಗಿನ ಗುಂಡಿ ಒತ್ತಿ ಗಾಳಿ ಬಿಟ್ಟರು. ಅದು ಸುಯ್ಯೆಂದು ಹೋಗತೊಡಗಿತು. ಮುಳ್ಳು ಕೆಂಪು ಗೆರೆಯಿಂದ ಈಚೆ ಬರುವ ತನಕ ಅವರ ಬೆರಳು ಗುಂಡಿಯ ಮೇಲೆಯೇ ಇತ್ತು.

"ಎಲ್ಡೂ ಕೂತ್ಕಂತಲ್ಲ" ಎಂದರು ಕೊನೆಗೆ, ಮೆಲ್ಲಗೆ.

ನಾನು ಒಂದು ಬೆರಳು ಎತ್ತಿ ತೋರಿಸಿದೆ. ಹೊರಗೆ ಕೈ ಮಾಡಿ ಗಾಡಿಯ ಬಾಗಿಲು ತೋರಿಸಿದೆ. ಅವರು ಗಾಡಿಯನ್ನು ನೋಡಿದರು, ಟೈರನ್ನು ನೋಡಿದರು, ಹೋಗಿ ಹಳೆಯ ಟೈರುಗಳ ರಾಶಿಯ ಮೇಲೆ ಕುಸಿದು ಕೂತರು. ಅಷ್ಟು ವರ್ಷದಲ್ಲಿ ಕೆಲಸದ ನಡುವೆ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಆಗ ಬಂದ ಭಯ ಟೈರಿನದಲ್ಲ. ನನ್ನ ಸೆರಗಿನ ತುಂಬ ಕುಂಕುಮವಿತ್ತು. ನಾನೇ ಒರೆಸಿದ್ದೆ, ಮುತ್ತೈದೆ, ನನ್ನ ಕೈಯಾರೆ. ಇವರು ಈಗ ಬದುಕಿ ಕೂತಿದ್ದಾರೆ, ಆದರೆ ನಾಳೆ? ಹುಚ್ಚು ಅಂತ ಗೊತ್ತಿದ್ದೂ ತಾಳಿಯನ್ನು ಮುಟ್ಟಿ ನೋಡಿಕೊಂಡೆ.

ಆ ಹೊತ್ತಿಗೇ ಅತ್ತೆ ಬಾಗಿಲಿಗೆ ಬಂದರು. ನೆಲದ ಮೇಲಿನ ಚಪ್ಪಲಿ ನೋಡಿದರು, ಮಗನನ್ನು ನೋಡಿದರು, ನನ್ನ ಸೆರಗನ್ನು ನೋಡಿದರು. ಇನ್ನು ಮುಗಿಯಿತು ಎಂದುಕೊಂಡೆ. ಡ್ರೈವರೇ ಬಾಯಿ ಬಿಟ್ಟ.

"ಈವಮ್ಮ ಇಲ್ದಿದ್ರೆ ಇವತ್ತು ನಿಮ್ಮಗನ್ ಮುಖನೇ ಇರ್ತಿರ್ಲಿಲ್ಲ ಕಣವ್ವ. ಆ ಮೀಟ್ರು ಕಾಣಂಗಿರ್ಲಿಲ್ಲ."

ಅತ್ತೆ ಮೀಟರಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಅರ್ಧ ಗಾಜು, ಅರ್ಧ ಕುಂಕುಮ. ಒಳಗೆ ಮುಳ್ಳು ಸಣ್ಣಗೆ ಅದುರುತ್ತಿತ್ತು.

"ಇದು ಹಣೆ ಅಲ್ವೇನೇ?" ಎಂದು ಕೇಳಿದರು.

"ಅಲ್ಲ ಅತ್ತೆ. ಕಣ್ಣು."

ಉಳಿದದ್ದನ್ನೂ ತೆಗೆಯೋಣ ಎಂದು ನಾನು ಸೆರಗು ಎತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ನೀನು ಒರ್ಸಬ್ಯಾಡ. ಸರಿ ಇತ್ಲಾಗೆ, ನಾನು ಒರ್ಸ್ತೀನಿ. ನಂಗೇನು ದೋಷ ಇಲ್ಲ."

ಬಕೆಟ್ಟಿನಲ್ಲಿ ಉಳಿದಿದ್ದ ಸೋಪಿನ ನೀರಿಗೆ ತಮ್ಮ ಸೆರಗು ಅದ್ದಿ, ಮಗುವಿನ ಮುಖ ತೊಳೆಯುವವರ ಹಾಗೆ ಗಾಜನ್ನು ಒರೆಸಿದರು. ಎಷ್ಟೋ ವರ್ಷಗಳ ಮೇಲೆ ಅವರ ಬೆರಳಿಗೆ ಕುಂಕುಮ ತಾಗಿತ್ತು. ಗಾಜು ಪೂರ್ತಿ ಬೆಳ್ಳಗಾಗುವ ತನಕ ಬಿಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ಅಳಾದ್ ಆಮ್ಯಾಕೆ, ಅವ್ರು ಕಾಯ್ತಾವ್ರೆ, ಮೊದ್ಲು ಕೆಲ್ಸ ನೋಡು" ಎಂದು ಗದರಿದರು.

ಟೈರ್ ಇನ್ನೂ ತಟ್ಟೆಯ ಮೇಲೆಯೇ ಇತ್ತು. ಇವರು ಟೈರುಗಳ ರಾಶಿಯಿಂದ ಎದ್ದಿರಲಿಲ್ಲ. ಅದನ್ನು ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ರಿಮ್ಮಿನ ತುಕ್ಕು ಉಜ್ಜಿ, ಸೋಪು ಬಳಿದು ಮತ್ತೆ ಏರಿಸಿದವಳು ನಾನೇ. ಆಮೇಲೆ ಗಾಳಿಯ ಪೆಡಲು ಉಳಿಯಿತು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಇವರು ಎದ್ದು ಬಂದು ಮೀಟರಿನ ಎದುರು ನಿಂತರು, ಟೈರಿನಿಂದ ದೂರ, ಕಣ್ಣು ಮುಳ್ಳಿನ ಮೇಲೆ. ಪೆಡಲಿನತ್ತ ಬರಲಿಲ್ಲ.

ನಾನು ಕಾಲಿಟ್ಟೆ. ಬೆನ್ನು ಹಿಂದಕ್ಕೆ ವಾಲಿಸಿ, ಮುಖ ರಸ್ತೆಯ ಕಡೆಗೆ ತಿರುಗಿಸಿ, ಒತ್ತಿದೆ. ಡ್ರೈವರಿಗೆ ಕೈಸನ್ನೆ ಮಾಡಿ ಅಲ್ಲಾಡಬೇಡ ಎಂದೆ. ಠಪ್ ಎಂದು ಮೊದಲನೆಯದು ಬಂತು, ನಾನು ಬೆಚ್ಚಿಬಿದ್ದೆ, ಆದರೂ ಕಾಲು ತೆಗೆಯಲಿಲ್ಲ. ಆಮೇಲೆ ಏನೂ ಇಲ್ಲ. ಕಂಪ್ರೆಸರಿನ ಸದ್ದು, ದೂರದಲ್ಲಿ ಬೇಲೂರಿನ ಬಸ್ಸಿನ ಹಾರನ್ನು, ನನ್ನ ಎದೆ. ಇವರು ಮುಳ್ಳಿನ ಮೇಲಿಂದ ಕಣ್ಣು ಕೀಳದೆ, ಇನ್ನೂ ಜಾಗವಿದೆ ಎಂದು ಕೈ ಆಡಿಸಿದರು. ಒಂದಿಷ್ಟು ಒತ್ತಿದೆ. ಇನ್ನೊಂದಿಷ್ಟು.

ಠಪ್.

ಕಾಲು ತೆಗೆದೆ. ಇವರು ಕಂಬ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ತಾಯಿಯ ಎದುರು, ಗಿರಾಕಿಯ ಎದುರು, ಎಲ್ಲರಿಗೂ ಕೇಳುವಂತೆ ಕೇಳಿದರು:

"ಬಂತೇನೇ, ಎರಡನೇದು?"